ಮೊಬೈಲ್ ಕಿರುಕುಳ: ಹದಿಹರೆಯದವರು ಬಾಯಿ ಬಿಡದಿರುವುದೇಕೆ?

ಸಂಡೂರು ತಾಲ್ಲೂಕಿನ ಬಂಡ್ರಿಯಂಥ ಊರಿನಿಂದ ದಿನವೂ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಹದಿನಾರು ವರ್ಷದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಓದಿನಲ್ಲಿ ಮುಂದು. ಆ ಮನೆಯಲ್ಲಿ ಪಿಯುಸಿ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಎರಡು ವಾರದಿಂದ ಅವಳಿಗೆ ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು. ಭಾನುವಾರ ಮಾತ್ರ ನೋವಿಲ್ಲ. ತಿಂಡಿ ತಟ್ಟೆಯಲ್ಲೇ ಉಳಿಯುತ್ತದೆ. ರಾತ್ರಿ ಎರಡು ಗಂಟೆಯಾದರೂ ನಿದ್ದೆಯಿಲ್ಲ. ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿವೆ. ಗ್ಯಾಸ್ಟ್ರಿಕ್ ಇರಬಹುದೆಂದು ಮಾತ್ರೆ ಕೊಟ್ಟಿದ್ದಾರೆ. ಅಜ್ಜಿ ದೃಷ್ಟಿ ತೆಗೆದಿದ್ದಾಳೆ.

ಯಾರಿಗೂ ಗೊತ್ತಿಲ್ಲದ ಸಂಗತಿಯೆಂದರೆ, ಅವಳ ಮುಖದ ಚಿತ್ರವನ್ನು ಬೇರೆ ಯಾರದೋ ದೇಹಕ್ಕೆ ಅಂಟಿಸಿ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಹಾಕಿದ್ದಾರೆ. ಅದರ ಕೆಳಗೆ ನಗುವ ಮುಖಗಳ ಸಾಲು. ಬಸ್ಸಿನಲ್ಲಿ ಯಾರು ನಕ್ಕರೂ ತನ್ನನ್ನು ನೋಡಿಯೇ ನಕ್ಕರೆಂದು ಅವಳಿಗೆ ಅನಿಸುತ್ತದೆ.

ಈಕೆ ಯಾವುದೋ ಒಬ್ಬ ಹುಡುಗಿಯಲ್ಲ. ಇಂಥ ತೊಂದರೆಗೆ ಸಿಕ್ಕಿದ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳನ್ನು ಒಟ್ಟುಗೂಡಿಸಿ ಬರೆದ ಚಿತ್ರ ಇದು. ಹುಡುಗರೂ ಇದರಿಂದ ಹೊರತಲ್ಲ. ದಪ್ಪಗಿರುವ ಹುಡುಗ, ತೊದಲುವ ಹುಡುಗ, ಹೆಣ್ಣುನಡಿಗೆಯವನೆಂದು ಹೆಸರಿಟ್ಟ ಹುಡುಗ, ಜಾತಿಯ ಹೆಸರಿನಿಂದ ಕರೆಸಿಕೊಳ್ಳುವ ಹುಡುಗ, ಎಲ್ಲರೂ ಈ ಕಾಟಕ್ಕೆ ಗುರಿಯಾಗುತ್ತಾರೆ. ಇದನ್ನೇ ಸೈಬರ್ ಕಿರುಕುಳ ಎನ್ನುವುದು. ಮೊಬೈಲು, ಕಂಪ್ಯೂಟರ್‌ಗಳ ಮೂಲಕ ಒಬ್ಬರನ್ನು ಮತ್ತೆ ಮತ್ತೆ ಗೇಲಿ ಮಾಡುವುದು, ಬೆದರಿಸುವುದು, ಸುಳ್ಳು ಸುದ್ದಿ ಹಬ್ಬಿಸುವುದು, ಅವರ ಹೆಸರಿನಲ್ಲಿ ನಕಲಿ ಖಾತೆ ತೆರೆಯುವುದು, ಗುಂಪಿನಿಂದ ಬೇಕೆಂದೇ ಹೊರಗಿಡುವುದು, ಚಿತ್ರಗಳನ್ನು ಹಂಚುವುದು ಎಲ್ಲವೂ ಇದರಲ್ಲಿ ಸೇರುತ್ತವೆ.

ಹಳ್ಳಿಗಳಲ್ಲಿ ಇದೆಲ್ಲ ಎಲ್ಲಿಂದ ಬಂತು ಎಂದು ಹಿರಿಯರು ಕೇಳುವುದುಂಟು. 2020ರಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದಾಗ, ಪಾಠ ಕೇಳಲೆಂದು ಎಷ್ಟೋ ಮನೆಯವರು ಸಾಲ ಮಾಡಿ ಫೋನು ಕೊಂಡರು. ಶಾಲೆಗಳು ತೆರೆದವು, ಫೋನು ಮಕ್ಕಳ ಕೈಯಲ್ಲೇ ಉಳಿಯಿತು. ಅದನ್ನು ಬಳಸುವ ಬಗೆಯನ್ನು ಅವರಿಗೆ ಹೇಳಿಕೊಟ್ಟವರಿಲ್ಲ.

ಶಾಲೆಯ ಕೀಟಲೆಗಿಂತ ಇದು ಹೇಗೆ ಬೇರೆ?

"ನಮ್ಮ ಕಾಲದಲ್ಲೂ ಅಡ್ಡಹೆಸರಿಟ್ಟು ಕರೆಯುತ್ತಿದ್ದರು, ನಾವೇನು ಸತ್ತೆವೇ?" ಎನ್ನುವ ತಂದೆಯರಿದ್ದಾರೆ. ಶಾಲೆಯಲ್ಲಿನ ಕಾಟವನ್ನೂ ಹಗುರವಾಗಿ ಕಾಣಬಾರದೆಂದು ನಾರ್ವೆ ದೇಶದ ಮನಶ್ಶಾಸ್ತ್ರಜ್ಞ ಡಾನ್ ಓಲ್ವಿಯಸ್ 1970ರ ದಶಕದಲ್ಲಿಯೇ ಅಧ್ಯಯನಗಳಿಂದ ತೋರಿಸಿದ್ದರು. ಆದರೂ ಆ ಕಾಟಕ್ಕೆ ಒಂದು ಗಡಿಯಿತ್ತು. ಸಂಜೆ ಗಂಟೆ ಬಾರಿಸಿದರೆ ಮುಗಿಯಿತು. ಮನೆಗೆ ಬಂದು ಅವ್ವನ ಪಕ್ಕ ಕೂತರೆ ಸಮಾಧಾನ. ಈಗ ಪೀಡಿಸುವವನು ಹಾಸಿಗೆಯವರೆಗೂ ಬರುತ್ತಾನೆ. ಆಗ ನೋಡಿ ನಗುವವರು ಹತ್ತು ಜನ, ಈಗ ಎಷ್ಟು ಜನವೆಂದು ಲೆಕ್ಕ ಸಿಗದು. ಆಗ ಆಡಿದ ಮಾತು ಗಾಳಿಗೆ ಹೋಗುತ್ತಿತ್ತು, ಈಗ ಅಕ್ಷರವಾಗಿ, ಚಿತ್ರವಾಗಿ ಉಳಿಯುತ್ತದೆ. ಮಗು ಅದನ್ನು ರಾತ್ರಿಯೆಲ್ಲ ತೆಗೆದು ತೆಗೆದು ನೋಡುತ್ತದೆ. ಮತ್ತೊಂದು ಮುಖ್ಯ ವ್ಯತ್ಯಾಸವಿದೆ. ಎದುರಿಗೆ ನಿಂತು ಕಾಡಿದವನಿಗೆ ಆ ಮಗುವಿನ ಕಣ್ಣೀರು ಕಾಣುತ್ತಿತ್ತು, ಎಲ್ಲೋ ಒಂದು ಕಡೆ ಮನಸ್ಸು ತಡೆಯುತ್ತಿತ್ತು. ಫೋನಿನಲ್ಲಿ ಆ ತಡೆಯೂ ಇಲ್ಲ.

ಶಾಲೆ ಬದಲಿಸಿದರೆ ಸರಿಹೋಗುತ್ತದೆ ಎಂಬ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಕೆನಡಾದ ಅಮಾಂಡಾ ಟಾಡ್ ಎಂಬ ಬಾಲಕಿಯ ಪ್ರಕರಣ ಇದಕ್ಕೆ ಸಾಕ್ಷಿ. ಅಂತರ್ಜಾಲದಲ್ಲಿ ಅಪರಿಚಿತನೊಬ್ಬ ಅವಳ ಚಿತ್ರವನ್ನು ಹಿಡಿದುಕೊಂಡು ಬೆದರಿಸಿದ, ಸಹಪಾಠಿಗಳಿಗೆ ಕಳಿಸಿದ. ಅವಳು ಶಾಲೆ ಬದಲಿಸಿದಳು, ಚಿತ್ರ ಅಲ್ಲಿಗೂ ಬಂತು. ಮತ್ತೆ ಬದಲಿಸಿದಳು, ಅಲ್ಲಿಗೂ ಬಂತು. 2012ರ ಅಕ್ಟೋಬರ್‌ನಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಆಕೆ ಪ್ರಾಣ ಕಳೆದುಕೊಂಡಳು. ನೆದರ್ಲೆಂಡ್ಸ್ ದೇಶದ ಆ ಅಪರಾಧಿಗೆ ಕೆನಡಾದ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2022ರಲ್ಲಿ, ಹತ್ತು ವರ್ಷಗಳ ನಂತರ.

ನಮ್ಮಲ್ಲಿ 2023ರ ನವೆಂಬರ್‌ನಲ್ಲಿ, ಕೊಡಗಿನವರಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಮಹಿಳೆಯ ವಿಡಿಯೋಗೆ ಅಂಟಿಸಿ ಹರಡಲಾಯಿತು. ಆಗ ಅವರು ಬರೆದುಕೊಂಡ ಮಾತನ್ನು ಪ್ರತಿ ತಂದೆ-ತಾಯಿ ಗಮನಿಸಬೇಕು. ತಮಗೆ ಮನೆಯವರ, ಸ್ನೇಹಿತರ ಆಸರೆಯಿದೆ. ಶಾಲೆ-ಕಾಲೇಜಿನಲ್ಲಿ ಓದುತ್ತಿದ್ದಾಗ ಇದು ನಡೆದಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗದು ಎಂಬುದು ಅದರ ಸಾರ. ಹೆಸರು, ಹಣ, ವಕೀಲರು ಎಲ್ಲ ಇರುವ ವಯಸ್ಕರಿಗೇ ಹೀಗಾದರೆ ಹಳ್ಳಿಯ ಹದಿನಾರರ ಹುಡುಗಿಯ ಪಾಡೇನು?

ಮಾತಿನ ಪೆಟ್ಟು ಮೆದುಳಿಗೂ ತಾಗುತ್ತದೆ

ಅಮೆರಿಕದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸ್ವಾರಸ್ಯಕರವಾಗಿದೆ. ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದವರಿಗೆ ಚೆಂಡು ಎಸೆದಾಡುವ ಒಂದು ಕಂಪ್ಯೂಟರ್ ಆಟ ಕೊಟ್ಟರು. ಉಳಿದಿಬ್ಬರು ಆಟಗಾರರೂ ಮನುಷ್ಯರೇ ಎಂದು ನಂಬಿಸಲಾಗಿತ್ತು. ಸ್ವಲ್ಪ ಹೊತ್ತಿನ ನಂತರ ಆ ಇಬ್ಬರೂ ಇವರಿಗೆ ಚೆಂಡು ಎಸೆಯುವುದನ್ನು ನಿಲ್ಲಿಸಿಬಿಟ್ಟರು. ಅಷ್ಟಕ್ಕೇ ಇವರ ಮೆದುಳಿನಲ್ಲಿ, ದೇಹಕ್ಕೆ ನೋವಾದಾಗ ಚುರುಕಾಗುವ ಭಾಗವೊಂದು ಚುರುಕಾಯಿತು. ಮುಖ ನೋಡದ ಇಬ್ಬರು ಆಟಕ್ಕೆ ಸೇರಿಸಿಕೊಳ್ಳದಿದ್ದರೇ ಹೀಗೆ. ದಿನವೂ ಜೊತೆಗೆ ಕೂರುವ ಗೆಳತಿಯರು ದೂರ ಮಾಡಿದರೆ ಆಗುವ ನೋವನ್ನು "ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ" ಎಂದು ತಳ್ಳಿಹಾಕುವುದು ಸರಿಯಲ್ಲ.

ಹದಿಹರೆಯದಲ್ಲಿ ಈ ಪೆಟ್ಟು ಹೆಚ್ಚು ಬಲವಾಗಿ ಬೀಳಲು ಕಾರಣವಿದೆ. ಭಾವನೆಗಳನ್ನು ಕೆರಳಿಸುವ ಮೆದುಳಿನ ಭಾಗಗಳು ಈ ವಯಸ್ಸಿನಲ್ಲಿ ಬೇಗ ಚುರುಕಾಗುತ್ತವೆ. ಅವನ್ನು ಹತೋಟಿಯಲ್ಲಿಟ್ಟು, 'ಇದು ಆರು ತಿಂಗಳಲ್ಲಿ ಎಲ್ಲರಿಗೂ ಮರೆತುಹೋಗುತ್ತದೆ' ಎಂದು ದೂರದ ಲೆಕ್ಕ ಹಾಕುವ ಮುಂಭಾಗದ ಮೆದುಳು ಪೂರ್ತಿ ಬಲಿಯಲು ಇಪ್ಪತ್ತೈದು ವರ್ಷದ ಆಸುಪಾಸು ಬೇಕು. ಹಿರಿಯರಿಗೆ ಮುಜುಗರವೆನಿಸುವುದು ಈ ಮಕ್ಕಳಿಗೆ ಬದುಕೇ ಮುಗಿದಂತೆ ಕಾಣುತ್ತದೆ. ಮೇಲಾಗಿ ಓರಗೆಯವರ ಮೆಚ್ಚುಗೆಯೇ ಸರ್ವಸ್ವವಾಗಿರುವ ಕಾಲ ಅದು.

ನಿರಂತರ ಭಯದಲ್ಲಿರುವ ದೇಹ ಒತ್ತಡದ ಹಾರ್ಮೋನುಗಳನ್ನು ಸುರಿಸುತ್ತಲೇ ಇರುತ್ತದೆ. ಎದೆ ಹೊಡೆದುಕೊಳ್ಳುವುದು, ತಲೆನೋವು, ಹೊಟ್ಟೆನೋವು, ಹಸಿವಿಲ್ಲದಿರುವುದು, ಮುಟ್ಟಿನ ಏರುಪೇರು, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ನಿದ್ದೆ ಕೆಟ್ಟರೆ ಓದಿದ್ದು ತಲೆಯಲ್ಲಿ ನಿಲ್ಲದು, ಅಂಕ ಇಳಿಯುತ್ತದೆ, ಮನೆಯಲ್ಲಿ ಬೈಗುಳ ಏರುತ್ತದೆ. ಕೀಳರಿಮೆ, ಆತಂಕ, ಖಿನ್ನತೆ ಒಂದರ ಹಿಂದೊಂದು ಬರುತ್ತವೆ. ಕೆಲವರು ಕೈ ಕುಯ್ದುಕೊಂಡು ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಾರೆ. ಕೆಲವರಲ್ಲಿ ಸಾಯುವ ಯೋಚನೆ ಬರುತ್ತದೆ.

ಫೋನು ಸದ್ದು ಮಾಡಿದರೆ ಬೆಚ್ಚಿಬೀಳುವುದು, ನೀವು ಹತ್ತಿರ ಬಂದರೆ ಪರದೆ ಮರೆಮಾಡುವುದು, ಇದ್ದಕ್ಕಿದ್ದಂತೆ ಫೋನನ್ನೇ ಮುಟ್ಟದಿರುವುದು, ಆಪ್ತ ಸ್ನೇಹಿತರ ಹೆಸರೆತ್ತಿದರೆ ಸಿಡುಕುವುದು, ಬೇರೆ ಬಸ್ಸಿಗೆ ಹೋಗುತ್ತೇನೆಂದು ಹಟ ಹಿಡಿಯುವುದು, ಜಾತ್ರೆ, ಮದುವೆಗಳಿಗೆ ಬರಲೊಪ್ಪದಿರುವುದು: ಇಂಥ ಬದಲಾವಣೆಗಳು ಕಂಡರೆ ತಾಯಂದಿರು ಎಚ್ಚರ ವಹಿಸಬೇಕು.

ಮೌನದ ಹಿಂದಿನ ಲೆಕ್ಕ

ಇಷ್ಟೆಲ್ಲ ಆದರೂ ಮಗು ಏಕೆ ಹೇಳುವುದಿಲ್ಲ? ಅದರ ಲೆಕ್ಕ ಬಹಳ ಸರಳ. ಅವ್ವನಿಗೆ ಹೇಳಿದರೆ ಅಪ್ಪನಿಗೆ ಗೊತ್ತಾಗುತ್ತದೆ. ಅಪ್ಪನಿಗೆ ಗೊತ್ತಾದರೆ ಫೋನು ಕಿತ್ತುಕೊಳ್ಳುತ್ತಾರೆ, ಕಾಲೇಜು ಬಿಡಿಸುತ್ತಾರೆ, 'ಯಾವುದಾದರೂ ಗಂಡು ನೋಡಿ' ಎಂಬ ಮಾತು ಶುರುವಾಗುತ್ತದೆ. ಕಾಟ ಕೊಟ್ಟವನು ಮಾತ್ರ ಮರುದಿನ ಎಂದಿನಂತೆ ಕಾಲೇಜಿಗೆ ಹೋಗುತ್ತಾನೆ. ಈ ಲೆಕ್ಕ ಎಷ್ಟೋ ಮನೆಗಳಲ್ಲಿ ನಿಜವೂ ಆಗುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಬೆದರಿಸುವವನಿಗೂ ಇದು ಚೆನ್ನಾಗಿ ಗೊತ್ತು. "ನಿಮ್ಮಪ್ಪನಿಗೆ ಕಳಿಸುತ್ತೇನೆ" ಎಂಬ ಒಂದೇ ಮಾತು ಅವನ ಅಸ್ತ್ರ. ಅಪ್ಪ ಮಗಳ ಪಕ್ಷದಲ್ಲಿದ್ದಾನೆ ಎಂದು ತಿಳಿದ ಕ್ಷಣ ಆ ಅಸ್ತ್ರ ಮೊಂಡಾಗುತ್ತದೆ.

ಆದ್ದರಿಂದ ವಿಷಯ ತಿಳಿದ ಮೊದಲ ಹತ್ತು ನಿಮಿಷದಲ್ಲಿ ಹಿರಿಯರು ನಡೆದುಕೊಳ್ಳುವ ರೀತಿಯೇ ಅರ್ಧ ಚಿಕಿತ್ಸೆ. ಆಗ ಆಡಬೇಕಾದ ಮಾತು ಇಷ್ಟೇ: "ಹೇಳಿದ್ದು ಒಳ್ಳೇದಾಯ್ತು ಮಗಾ. ಇದು ನಿನ್ನ ತಪ್ಪಲ್ಲ. ನಿನ್ನ ಓದು ನಿಲ್ಲಿಸೋದಿಲ್ಲ. ಏನು ಮಾಡಬೇಕೋ ಸೇರಿ ಮಾಡೋಣ." ಅವಳೇ ಯಾರನ್ನೋ ನಂಬಿ ಚಿತ್ರ ಕಳಿಸಿದ್ದರೂ ಆ ಹೊತ್ತಿಗೆ ವಿಚಾರಣೆ ಬೇಡ. ನಂಬಿದ್ದು ಪ್ರಾಯದ ಅವಿವೇಕವಿರಬಹುದು. ಅಪರಾಧ ಮಾಡಿದವನು ಹರಡಿದವನು. ಬುದ್ಧಿ ಹೇಳಲು ಮುಂದೆ ಸಮಯವಿದೆ.

ಮಗು ತೀರಾ ಮಂಕಾಗಿದ್ದರೆ, 'ಇದ್ದು ಏನು ಪ್ರಯೋಜನ' ಎಂಬಂಥ ಮಾತಾಡಿದರೆ, "ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?" ಎಂದು ನೇರವಾಗಿಯೇ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ಬದಲಿಗೆ ಒಳಗಿನ ಭಾರ ಹೊರಬರಲು ದಾರಿಯಾಗುತ್ತದೆ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆ ತಂದ ಔಷಧಿ, ಮನೆಯಲ್ಲಿರುವ ಮಾತ್ರೆಗಳನ್ನು ಬೀಗದಲ್ಲಿಟ್ಟು, ಅಂದೇ ವೈದ್ಯರನ್ನು ಕಾಣಬೇಕು.

ದೂರು ಕೊಡುವ ಮುನ್ನ

ಸಿಟ್ಟಿನಲ್ಲಿ ಎಲ್ಲವನ್ನೂ ಅಳಿಸಿಹಾಕುವುದು ಸಾಮಾನ್ಯ ತಪ್ಪು. ಬೈಗುಳ, ಬೆದರಿಕೆಗಳ ಸ್ಕ್ರೀನ್‌ಶಾಟ್, ಬಂದ ದಿನ, ಸಮಯ, ನಂಬರು, ಖಾತೆಯ ಹೆಸರು ಉಳಿಸಿಕೊಳ್ಳಿ. ಅನಂತರ ಆ ನಂಬರನ್ನು ತಡೆಹಿಡಿಯಿರಿ. ಮಗುವಿನ ಅಶ್ಲೀಲ ಚಿತ್ರವಾದರೆ ಮಾತ್ರ ಅದನ್ನು 'ಸಾಕ್ಷಿಗೆ' ಎಂದು ಬಂಧುಗಳಿಗೋ ಶಿಕ್ಷಕರಿಗೋ ಕಳಿಸಲೇಬೇಡಿ. ಎಲ್ಲಿ, ಯಾವಾಗ ಬಂತೆಂದು ಬರೆದಿಟ್ಟುಕೊಂಡು ಫೋನನ್ನು ಹಾಗೆಯೇ ಪೊಲೀಸರಿಗೆ ತೋರಿಸಿ. ಬೆದರಿಸಿ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಮ್ಮೆ ಕೊಟ್ಟವರನ್ನು ಮತ್ತೆ ಮತ್ತೆ ಕೇಳುತ್ತಾರೆ.

ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಮಕ್ಕಳಿಗೆ ಸಂಬಂಧಿಸಿದ ಅಶ್ಲೀಲ ಚಿತ್ರದ ಬಗ್ಗೆ ಹೆಸರು ಹೇಳದೆಯೂ ದೂರಲು ಅವಕಾಶವಿದೆ. ಊರಿಗೆಲ್ಲ ಗೊತ್ತಾದೀತೆಂಬ ಅಂಜಿಕೆ ಬೇಡ. ಪೋಕ್ಸೊ ಕಾಯಿದೆಯ ಪ್ರಕಾರ ನೊಂದ ಮಗುವಿನ ಗುರುತನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಹದಿನೆಂಟು ತುಂಬದವರ ಚಿತ್ರ ಅಂತರ್ಜಾಲದಲ್ಲಿ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯನ್ನು ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು 2023ರಲ್ಲಿ ಆರಂಭಿಸಿತು. ಇದಕ್ಕೆ ಚಿತ್ರವನ್ನು ಕಳಿಸಬೇಕಾಗಿಲ್ಲ. ಚಿತ್ರದ ಬೆರಳಚ್ಚಿನಂಥ ಒಂದು ಗುರುತುಸಂಖ್ಯೆ ಮಾತ್ರ ಹೋಗುತ್ತದೆ, ಅದನ್ನು ಹಿಡಿದು ಈ ಸೇವೆಗೆ ಸೇರಿದ ಕಂಪನಿಗಳು ತಮ್ಮಲ್ಲಿರುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ.

ಗಂಡುಮಕ್ಕಳ ತಂದೆ-ತಾಯಂದಿರಿಗೂ ಒಂದು ಮಾತು. ಚಿತ್ರ ತಯಾರಿಸಿದವನು ಒಬ್ಬನಾದರೆ ತಮಾಷೆಗೆಂದು ಮುಂದಕ್ಕೆ ಕಳಿಸಿದವರು ನಲವತ್ತು ಮಂದಿ. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಡಿ ಮಕ್ಕಳ ಲೈಂಗಿಕ ಚಿತ್ರ ಹಂಚಿದವರಿಗೆ ಮೊದಲ ಸಲವೇ ಐದು ವರ್ಷದವರೆಗೆ ಸೆರೆ, ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅಳಿಸದೆ, ದೂರನ್ನೂ ಕೊಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಅಡಿಯಲ್ಲಿ ಅಪರಾಧವಾಗಬಲ್ಲದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಹದಿನೆಂಟರೊಳಗಿನವರ ವಿಚಾರಣೆ ಬಾಲನ್ಯಾಯ ಮಂಡಳಿಯಲ್ಲಿ ನಡೆಯುತ್ತದೆ. ಕಾಟ ಕೊಡುವ ಹುಡುಗರಲ್ಲಿ ಹಲವರು ತಾವೂ ಎಲ್ಲೋ ಪೆಟ್ಟು ತಿಂದವರೇ ಆಗಿರುತ್ತಾರೆ. ಅವರಿಗೂ ಆಪ್ತಸಲಹೆ ಬೇಕು, ಬರೀ ಬಡಿತವಲ್ಲ.

ಚಿಕಿತ್ಸೆ ಎಲ್ಲಿ?

ಮನಸ್ಸಿನ ವೈದ್ಯರೆಂದರೆ ಬೆಂಗಳೂರಿಗೇ ಹೋಗಬೇಕೆಂಬ ಭಾವನೆ ನಮ್ಮ ಭಾಗದಲ್ಲಿ ಇನ್ನೂ ಇದೆ. ಇದು ವಿಚಿತ್ರವೇ ಸರಿ. ಏಕೆಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ಮನೋರೋಗಗಳಿಗೆ ಚಿಕಿತ್ಸೆ ನೀಡಬಹುದೆಂದು ನಿಮ್ಹಾನ್ಸ್ ಸಂಸ್ಥೆ 1980ರ ದಶಕದ ಉತ್ತರಾರ್ಧದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ 'ಬಳ್ಳಾರಿ ಮಾದರಿ'ಯೇ.

ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಹೊಟ್ಟೆನೋವಿನ ಜೊತೆಗೆ ನಿದ್ದೆ, ಹಸಿವು, ಭಯದ ಸಂಗತಿಗಳನ್ನೂ ವೈದ್ಯರಿಗೆ ಹೇಳಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್'ಗಳಿವೆ. ಅಗತ್ಯವಿದ್ದರೆ ಅವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಕಳಿಸುತ್ತಾರೆ. ಫೋನಿನಲ್ಲಿಯೇ ಕನ್ನಡದಲ್ಲಿ ಮಾತನಾಡಬೇಕಾದರೆ ಟೆಲಿ-ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ. ಮಕ್ಕಳ ಸಹಾಯವಾಣಿ 1098. ತುರ್ತಿಗೆ 112.

ಹೆಚ್ಚಿನ ಮಕ್ಕಳಿಗೆ ಆಪ್ತಸಲಹೆಯೇ ಸಾಕಾಗುತ್ತದೆ. ಖಿನ್ನತೆ ತೀವ್ರವಾಗಿದ್ದರೆ ವೈದ್ಯರು ಮಾತ್ರೆ ಕೊಡಬಹುದು. ಅವು ಕೆಲಸ ಮಾಡಲು ಕೆಲವು ವಾರಗಳು ಬೇಕು, ನಡುವೆ ನೀವಾಗಿಯೇ ನಿಲ್ಲಿಸಬಾರದು. ಹೊಟ್ಟೆನೋವು ಬೇಗ ಹೋಗುತ್ತದೆ. ಬಸ್ಸಿನಲ್ಲಿ ಯಾರಾದರೂ ನಕ್ಕಾಗ ತಿರುಗಿ ನೋಡದೆ ಕೂರುವುದಕ್ಕೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಮೊದಲ ಕೆಲವು ದಿನ ಅಣ್ಣನೋ, ಗೆಳತಿಯೋ ಅವಳ ಜೊತೆ ಅದೇ ಬಸ್ಸಿನಲ್ಲಿ ಹೋಗಿ ಬರಲಿ.