ಚಳಿಮಳೆಯ ಸವಾರನಿಗೆ ಎಂಥ ಜಾಕೆಟ್?

ಹಾಲೆಂಡ್ ಎಂದು ನಾವು ರೂಢಿಯಲ್ಲಿ ಕರೆಯುವ ನೆದರ್‌ಲೆಂಡ್ಸ್ ದೇಶದಲ್ಲಿ ಜನಸಂಖ್ಯೆಗಿಂತ ಬೈಸಿಕಲ್ಲುಗಳ ಸಂಖ್ಯೆಯೇ ಹೆಚ್ಚು. ಶಾಲೆಯ ಮಕ್ಕಳು, ಪ್ರಾಧ್ಯಾಪಕರು, ಕಚೇರಿಯ ಅಧಿಕಾರಿಗಳು, ಮುದುಕರು ಎಲ್ಲರೂ ಅಲ್ಲಿ ಬೈಸಿಕಲ್ ಏರುವವರೇ. ಚಳಿಗಾಲ ಬಂದಿತೆಂದು ಅದನ್ನು ಮೂಲೆಗೆ ಒರಗಿಸುವ ಪದ್ಧತಿ ಅಲ್ಲಿಲ್ಲ. ಆದರೆ ಆ ಚಳಿಗಾಲ ಒಣ ಚಳಿಯದಲ್ಲ. ಸಮುದ್ರದ ನೆರೆಯ ಆ ತಗ್ಗು ನಾಡಿನಲ್ಲಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಉಷ್ಣತೆ ಬಹು ದಿನಗಳಲ್ಲಿ ಕೆಲವೇ ಡಿಗ್ರಿ ಸೆಲ್ಸಿಯಸ್ ಮಾತ್ರ. ಅದರೊಡನೆ ತುಂತುರು ಮಳೆ, ತಡೆಯಿಲ್ಲದ ಬಯಲುಗಾಳಿ.

ಅಲ್ಲಿನ ಡೆಲ್ಫ್ಟ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಓದುತ್ತಾರೆ. ಕರ್ನಾಟಕದಿಂದ ಅಲ್ಲಿಗೆ ಹೊಸದಾಗಿ ಹೋದ ಒಬ್ಬ ತರುಣನನ್ನು ನಾವು ಕಲ್ಪಿಸಿಕೊಳ್ಳೋಣ. ಚಳಿಗೆ ಹೆದರಿ ಅವನು ಅಂಗಡಿಯಲ್ಲಿದ್ದುದರಲ್ಲೆಲ್ಲ ದಪ್ಪನಾದ, ಒಂದು ಹನಿ ನೀರನ್ನೂ ಒಳಗೆ ಬಿಡದ ಜಾಕೆಟ್ಟನ್ನು ಕೊಂಡು, ಒಳಗೆ ಹತ್ತಿಯ ಬನಿಯನ್ನು, ಅಂಗಿ ತೊಟ್ಟು, ಎದುರುಗಾಳಿಯಲ್ಲಿ ಅರ್ಧ ಗಂಟೆ ಪೆಡಲು ತುಳಿಯುತ್ತಾನೆ. ಮೊದಲು ಮೈ ಬೆಚ್ಚಗಾಗುತ್ತದೆ, ಬಳಿಕ ಬೆವರುತ್ತದೆ. ದಾರಿಯಲ್ಲಿ ಕಾಲುವೆಯ ಸೇತುವೆಯನ್ನು ದೋಣಿಗಾಗಿ ಎತ್ತಿದ್ದಾರೆ. ಹತ್ತು ನಿಮಿಷ ನಿಲ್ಲಬೇಕಾಗುತ್ತದೆ. ಅಷ್ಟರಲ್ಲಿ ಅವನಿಗೆ ನಡುಕ ಹತ್ತುತ್ತದೆ. ಜಾಕೆಟ್ಟನ್ನು ಬಿಚ್ಚಿ ನೋಡಿದರೆ ಒಳಗಿನ ಬಟ್ಟೆಯೆಲ್ಲ ತೊಯ್ದಿದೆ. ‘ಈ ಜಾಕೆಟ್ ಸೋರುತ್ತದೆ’ ಎಂದು ಅವನು ಅಂಗಡಿಯವನನ್ನು ಬಯ್ಯುತ್ತಾನೆ.

ಜಾಕೆಟ್ ಸೋರಿರಲಿಲ್ಲ. ಅವನನ್ನು ತೋಯಿಸಿದ ನೀರು ಆಕಾಶದಿಂದ ಬಂದುದಲ್ಲ, ಅವನ ಮೈಯಿಂದಲೇ ಬಂದುದು. ಈ ಒಂದು ಮಾತನ್ನು ಸರಿಯಾಗಿ ತಿಳಿದುಕೊಂಡರೆ ಚಳಿಮಳೆಗೆ ಜಾಕೆಟ್ ಆರಿಸುವ ವಿದ್ಯೆಯ ಮುಕ್ಕಾಲು ಪಾಲು ಕೈಗೆ ಬಂದಂತೆ.

ಒಲೆ ಮೈಯೊಳಗೇ ಇದೆ

ಬಟ್ಟೆ ಶಾಖವನ್ನು ಉಂಟುಮಾಡುವುದಿಲ್ಲ. ಇರುವ ಶಾಖ ಹೊರಹೋಗುವುದನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಶಾಖವನ್ನು ಕೊಡುವ ಒಲೆ ನಮ್ಮ ದೇಹ. ಸುಮ್ಮನೆ ಕುಳಿತಿರುವ ಮನುಷ್ಯನ ಮೈ ಸುಮಾರು ೧೦೦ ವ್ಯಾಟಿನಷ್ಟು ಶಾಖವನ್ನು ಬಿಡುತ್ತದೆ. ಬೈಸಿಕಲ್ ಸವಾರನ ಲೆಕ್ಕ ಬೇರೆ. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಹೆಚ್ಚೆಂದರೆ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವನ್ನಾಗಿ ಮಾರ್ಪಡಿಸಬಲ್ಲವು; ಉಳಿದದ್ದು ಶಾಖವಾಗುತ್ತದೆ. ಆದುದರಿಂದ ಪೆಡಲಿಗೆ ೧೦೦ ವ್ಯಾಟ್ ಒದಗಿಸುವ ಸವಾರನ ದೇಹದಲ್ಲಿ ೩೦೦ ವ್ಯಾಟಿಗೆ ಕಡಮೆಯಿಲ್ಲದ ಶಾಖ ಹುಟ್ಟುತ್ತದೆ.

ಈ ಶಾಖವನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ಉಪಾಯ ಬೆವರು. ಚರ್ಮದ ಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೨,೪೩೦ ಜೂಲ್ ಶಾಖ ಬೇಕು. ೩೦೦ ವ್ಯಾಟ್ ಶಾಖವೆಲ್ಲವೂ ಬೆವರಿನ ಮೂಲಕವೇ ಹೋಗಬೇಕಾದರೆ ಗಂಟೆಗೆ ಸುಮಾರು ೪೪೦ ಗ್ರಾಂ ನೀರು ಆವಿಯಾಗಬೇಕೆಂದು ವಾಚಕರು ತಾವೇ ಗುಣಿಸಿ ಭಾಗಿಸಿ ನೋಡಬಹುದು. ಚಳಿಯಲ್ಲಿ ಗಾಳಿಯೇ ಬಹು ಪಾಲು ಶಾಖವನ್ನು ಕೊಂಡೊಯ್ಯುವುದರಿಂದ ಇಷ್ಟು ಬೆವರಬೇಕಾಗಿಲ್ಲ. ಆದರೆ ದಪ್ಪ ಜಾಕೆಟ್ಟಿನಿಂದ ಆ ದಾರಿಯನ್ನು ಮುಚ್ಚಿದರೆ ಉಳಿಯುವುದು ಬೆವರೊಂದೇ. ಅದಕ್ಕೂ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಬಟ್ಟೆಯಲ್ಲೇ ನಿಲ್ಲುತ್ತದೆ.

ತೊಯ್ದ ಬಟ್ಟೆಯಿಂದ ಏನು ಕೇಡು? ಬಟ್ಟೆ ಬೆಚ್ಚಗಿರುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಗಾಳಿಗಿಂತ ನೀರು ಸುಮಾರು ೨೪ ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಎಳೆಗಳ ನಡುವಿನ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸಿತೆಂದರೆ ಹೊದಿಕೆ ಹೊದಿಕೆಯಾಗಿ ಉಳಿಯುವುದಿಲ್ಲ. ಸವಾರಿ ನಡೆದಿರುವಾಗ ಒಳಗಿನ ಒಲೆ ಉರಿಯುತ್ತಿರುವುದರಿಂದ ಇದು ಗೊತ್ತಾಗದು. ನಿಂತೊಡನೆ ೩೦೦ ವ್ಯಾಟ್ ಬೇಗನೆ ೧೦೦ರ ಕಡೆಗೆ ಇಳಿಯುತ್ತದೆ. ಒದ್ದೆ ಬಟ್ಟೆ ಮಾತ್ರ ಶಾಖವನ್ನು ಹೀರುತ್ತಲೇ ಇರುತ್ತದೆ. ನಮ್ಮ ತರುಣ ಸೇತುವೆಯ ಬಳಿ ನಡುಗಿದ್ದು ಇದರಿಂದಲೇ.

ಗಾಳಿಯ ಪಾತ್ರವೂ ಸಣ್ಣದಲ್ಲ. ಹವಾಮಾನ ಶಾಸ್ತ್ರಜ್ಞರು ಬಳಸುವ ಸೂತ್ರದಂತೆ, ೫ ಡಿಗ್ರಿ ಉಷ್ಣತೆಯಲ್ಲಿ ಗಂಟೆಗೆ ೨೦ ಕಿಲೋಮೀಟರ್ ವೇಗದ ಗಾಳಿ ಬಡಿಯುತ್ತಿದ್ದರೆ ಬರಿಯ ಮುಖಕ್ಕೆ ಅದು ಸುಮಾರು ೧ ಡಿಗ್ರಿಯಂತೆ ತೋರುತ್ತದೆ. ಗಾಳಿ ಬೀಸದ ದಿನವೂ ಸವಾರ ತನ್ನ ವೇಗದಿಂದಲೇ ಗಾಳಿಯನ್ನು ಸೃಷ್ಟಿಸಿಕೊಳ್ಳುತ್ತಾನೆ.

ಇದು ಬರಿಯ ಸುಖದ ಪ್ರಶ್ನೆಯಲ್ಲ. ದೇಹದ ಒಳಗಿನ ಉಷ್ಣತೆ ಸಾಧಾರಣವಾಗಿ ೩೭ ಡಿಗ್ರಿ. ಅದು ೩೫ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೊಥರ್ಮಿಯ ಎನ್ನುತ್ತಾರೆ. ನಡುಕ, ಬೆರಳುಗಳ ಜಡತೆ, ತೊದಲು, ಮಂಕು ಇವು ಅದರ ಲಕ್ಷಣಗಳು. ಅದಕ್ಕೂ ಬಹಳ ಮೊದಲೇ ಬೆರಳುಗಳು ಮರಗಟ್ಟಿ, ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಒದ್ದೆ ರಸ್ತೆಯ ಮೇಲೆ ಆ ಅರೆಕ್ಷಣದ ಬೆಲೆ ದೊಡ್ಡದು.

ರಬ್ಬರಿನಿಂದ ಸೂಕ್ಷ್ಮರಂಧ್ರದವರೆಗೆ

ಮಳೆಯನ್ನು ತಡೆಯುವುದು ಕಷ್ಟವಾದ ಕೆಲಸವಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ೧೮೨೩ರಲ್ಲಿಯೇ, ನ್ಯಾಫ್ತದಲ್ಲಿ ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಲೇಪಿಸಿ ನೀರು ನುಗ್ಗದ ವಸ್ತ್ರವನ್ನು ತಯಾರಿಸುವುದಕ್ಕೆ ಪೇಟೆಂಟ್ ಪಡೆದನು. ಆದರೆ ಹೊರಗಿನ ನೀರಿಗೆ ಹಾಕಿದ ಬಾಗಿಲು ಒಳಗಿನ ಆವಿಗೂ ಬಾಗಿಲೇ ಆಯಿತು. ಕಷ್ಟವಿರುವುದು ಒಂದನ್ನು ತಡೆದು ಇನ್ನೊಂದನ್ನು ಬಿಡುವುದರಲ್ಲಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮ್ಯಾಂಚೆಸ್ಟರಿನ ಷರ್ಲಿ ಸಂಸ್ಥೆಯ ವಿಜ್ಞಾನಿಗಳು ಬ್ರಿಟಿಷ್ ವೈಮಾನಿಕರಿಗಾಗಿ ವೆಂಟೈಲ್ ಎಂಬ ಒತ್ತಾದ ನೇಯ್ಗೆಯ ಹತ್ತಿ ಬಟ್ಟೆಯನ್ನು ರೂಪಿಸಿದರು. ನೀರು ತಾಕಿದೊಡನೆ ಅದರ ನೂಲುಗಳು ಉಬ್ಬಿ ತೆರಪುಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ. ೧೯೬೯ರಲ್ಲಿ ಅಮೆರಿಕದ ರಾಬರ್ಟ್ ಗೋರ್, ಕಾಯಿಸಿದ ಪಾಲಿಟೆಟ್ರಾಫ್ಲೂರೊಎಥಿಲೀನ್ ಕಡ್ಡಿಯನ್ನು ರಭಸದಿಂದ ಎಳೆದಾಗ, ಅದು ಮುರಿಯದೆ ಹಿಗ್ಗಿ, ಅಸಂಖ್ಯ ಸೂಕ್ಷ್ಮರಂಧ್ರಗಳುಳ್ಳ ವಸ್ತುವಾಯಿತು. ಅದರ ತೆಳು ಪೊರೆಯನ್ನು ಬಟ್ಟೆಗೆ ಅಂಟಿಸಿ ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ ೧೯೭೦ರ ದಶಕದಲ್ಲಿ ಮಾರಾಟಕ್ಕೆ ತಂದರು.

ಈ ಪೊರೆಗೆ ನೀರು ಹತ್ತುವುದಿಲ್ಲ. ಮಳೆಯ ಹನಿ ತನ್ನ ಮೇಲ್ಮೈ ಎಳೆತದಿಂದ ಗುಂಡಾಗಿಯೇ ನಿಂತು, ಅತಿ ಕಿರಿದಾದ ರಂಧ್ರದೊಳಕ್ಕೆ ತೂರಲಾರದೆ ಹೋಗುತ್ತದೆ. ಆವಿಯಲ್ಲಿಯಾದರೋ ನೀರಿನ ಅಣುಗಳು ಬಿಡಿಬಿಡಿಯಾಗಿರುವುದರಿಂದ ಅದೇ ರಂಧ್ರ ಅವುಗಳಿಗೆ ಹೆಬ್ಬಾಗಿಲು.

ಚೀಟಿಯ ಮೇಲಿನ ಎರಡು ಅಂಕಿಗಳು

ಜಾಕೆಟ್ಟಿಗೆ ತೂಗುಹಾಕಿದ ಚೀಟಿಯಲ್ಲಿ ಹೆಚ್ಚಾಗಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ನೀರಿನ ಕಂಬದ ಎತ್ತರ. ೧೦,೦೦೦ ಮಿಲಿಮೀಟರ್ ಎಂದರೆ ಬಟ್ಟೆಯ ಮೇಲೆ ೧೦ ಮೀಟರ್ ಎತ್ತರದ ನೀರು ನಿಂತರೂ ಸೋರದು ಎಂದರ್ಥ. ಇದು ಸರಿಸುಮಾರು ಒಂದು ವಾಯುಮಂಡಲದ ಒತ್ತಡ. ಬೀಳುವ ಮಳೆಗೆ ಇಷ್ಟು ಬಲವಿಲ್ಲ. ಆದರೆ ಬೆನ್ನುಚೀಲದ ಪಟ್ಟಿ ಹೆಗಲನ್ನು ಒತ್ತುವಲ್ಲಿ ಒತ್ತಡ ಏರುವುದರಿಂದ ಈ ಭದ್ರತೆ ಬೇಕು.

ಎರಡನೆಯದು, ಒಂದು ಚದರ ಮೀಟರ್ ಬಟ್ಟೆಯ ಮೂಲಕ ೨೪ ಗಂಟೆಗಳಲ್ಲಿ ಎಷ್ಟು ಗ್ರಾಂ ಆವಿ ದಾಟಬಲ್ಲದೆಂಬುದು. ಇಲ್ಲಿ ೧೦,೦೦೦ ಎಂದಿದ್ದರೆ ಗಂಟೆಗೆ ಸುಮಾರು ೪೧೭ ಗ್ರಾಂ ಆಯಿತು. ಹಿಂದೆ ಲೆಕ್ಕ ಹಾಕಿದ ೪೪೦ ಗ್ರಾಂ ಬೆವರಿಗೆ ಇದು ಸಾಕಲ್ಲವೇ ಎಂದು ತೋರಬಹುದು. ಆದರೆ ಈ ಅಳತೆ ಪ್ರಯೋಗಶಾಲೆಯದು. ಆವಿ ತಾನಾಗಿ ನಡೆಯುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಹೊರಡುತ್ತದೆ.

ಒಳಗೆ ೩೫ ಡಿಗ್ರಿಯ ತುಂಬು ತೇವವಿದ್ದರೆ ಆವಿಯ ಒತ್ತಡ ಪಾದರಸದ ೪೨ ಮಿಲಿಮೀಟರಿನಷ್ಟು. ಹಾಲೆಂಡಿನ ೫ ಡಿಗ್ರಿಯ ಮಳೆಯಲ್ಲಿ ಹೊರಗಿನ ಗಾಳಿ ತೇವದಿಂದ ತುಂಬಿದ್ದರೂ ಅಲ್ಲಿನ ಒತ್ತಡ ೬.೫ ಮಾತ್ರ; ವ್ಯತ್ಯಾಸ ೩೫ಕ್ಕೂ ಹೆಚ್ಚು. ಅದೇ ಜಾಕೆಟ್ಟನ್ನು ತೊಟ್ಟು ಆಗುಂಬೆಯಲ್ಲಿ ೨೨ ಡಿಗ್ರಿಯ ಮಳೆಯಲ್ಲಿ ಹೊರಟರೆ ಹೊರಗಿನ ಒತ್ತಡ ಸುಮಾರು ೨೦. ವ್ಯತ್ಯಾಸ ೨೨ಕ್ಕೆ ಇಳಿಯಿತು. ಆದುದರಿಂದ ಚಳಿನಾಡಿನಲ್ಲಿ ಒಪ್ಪಾಗಿ ಕೆಲಸ ಮಾಡುವ ಜಾಕೆಟ್ ನಮ್ಮ ಮಲೆನಾಡಿನಲ್ಲಿ ಬೇಯಿಸಿದಂತಾಗುವುದು ಆಶ್ಚರ್ಯವಲ್ಲ.

ಚಳಿನಾಡಿನಲ್ಲಿಯೂ ಒಂದು ತೊಡಕುಂಟು. ಜಾಕೆಟ್ಟಿನ ಒಳಮೈ ತಣ್ಣಗಿರುವುದರಿಂದ ಆವಿ ದಾಟುವ ಮೊದಲೇ ಅಲ್ಲಿ ಹನಿಗಟ್ಟುತ್ತದೆ. ಹೊರಬಟ್ಟೆಯ ಮೇಲಿನ ನೀರು ಜಾರಿಸುವ ಲೇಪ ಸವೆದು ಬಟ್ಟೆ ನೀರು ಕುಡಿದರಂತೂ ಆವಿಯ ದಾರಿಯೇ ಮುಚ್ಚುತ್ತದೆ. ಎಂಥ ಒಳ್ಳೆಯ ಪೊರೆಯಾದರೂ ಸವಾರನ ಬೆವರನ್ನೆಲ್ಲ ದಾಟಿಸಲಾರದು. ಅದಕ್ಕೆ ನೆರವಾಗಿ ಗಾಳಿಗಂಡಿಗಳು ಬೇಕು: ಕಂಕುಳ ಕೆಳಗೆ ಜಿಪ್ಪು, ಬೆನ್ನಿನ ಮೇಲೆ ಮಡಿಕೆಯ ಮರೆಯಲ್ಲಿ ತೆರಪು, ಮೇಲಿನಿಂದಲೂ ಕೆಳಗಿನಿಂದಲೂ ತೆರೆಯುವ ಮುಂಜಿಪ್ಪು. ಕೆಳಗೆಲ್ಲ ತೆರೆದಿರುವ ನಮ್ಮ ಗೊರಬಿನಲ್ಲಿ ರೈತ ಬಗ್ಗಿ ನಾಟಿ ಮಾಡುವಾಗ ಬೇಯದಿರುವುದು ಈ ಗಾಳಿಯ ಓಡಾಟದಿಂದಲೇ.

ಒಂದಕ್ಕಿಂತ ಮೂರು ಲೇಸು

ದಪ್ಪನಾದ ಒಂದರ ಬದಲು ತೆಳುವಾದ ಮೂರು ಪದರಗಳು ಲೇಸು. ಮೈಗೆ ಹತ್ತಿದ ಮೊದಲನೆಯದು ಬೆವರನ್ನು ಚರ್ಮದಿಂದ ದೂರಕ್ಕೆ ಒಯ್ಯಬೇಕು. ಇದಕ್ಕೆ ತೆಳು ಉಣ್ಣೆ ಇಲ್ಲವೆ ಪಾಲಿಯೆಸ್ಟರ್ ಆಗಬಹುದು. ಹತ್ತಿ ಸಲ್ಲದು, ಅದು ನೀರನ್ನು ಕುಡಿದು ಮೈಗೆ ಅಂಟಿಕೊಳ್ಳುತ್ತದೆ, ಒಣಗಲು ಬಹಳ ಹೊತ್ತು ಹಿಡಿಯುತ್ತದೆ. ಉಣ್ಣೆಯಾದರೋ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಎಳೆಯೊಳಗೇ ಅಡಗಿಸಿಕೊಂಡು, ಮುಟ್ಟಿದವರಿಗೆ ಒದ್ದೆಯೆನಿಸದು. ಹಾಗೆ ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಮಲೆನಾಡಿನವರು ಮಳೆಗೆ ಕಂಬಳಿಕೊಪ್ಪೆ ಹಾಕಿಕೊಂಡುದರ ಮರ್ಮ ಇದೇ. ಎರಡನೆಯ ಪದರ ಗಾಳಿಯನ್ನು ಹಿಡಿದಿಡುವ ತೆಳು ಸ್ವೆಟರ್; ಚಳಿ ಕಡಮೆಯಾದರೆ ಅದನ್ನು ತೆಗೆದು ಚೀಲಕ್ಕೆ ಹಾಕಬಹುದು. ಪುಕ್ಕ ತುಂಬಿದ ಜಾಕೆಟ್ ಒಣ ಚಳಿಗೆ ಉತ್ತಮವಾದರೂ ತೊಯ್ದರೆ ಮುದ್ದೆಯಾಗಿ ನಿಷ್ಪ್ರಯೋಜಕವಾಗುತ್ತದೆ. ಮೂರನೆಯದೇ ನಾವು ಆರಿಸಹೊರಟ ಜಾಕೆಟ್. ಅದು ಗಾಳಿಯನ್ನೂ ಮಳೆಯನ್ನೂ ತಡೆದರೆ ಸಾಕು. ಬೆಚ್ಚಗಿಡುವುದು ಅದರ ಕೆಲಸವಲ್ಲ.

ಅಂಗಡಿಯಲ್ಲಿ ನೋಡತಕ್ಕವು

ಜಾಕೆಟ್ಟನ್ನು ನೆಟ್ಟಗೆ ನಿಂತು ಕನ್ನಡಿಯಲ್ಲಿ ನೋಡಿ ಕೊಳ್ಳಬಾರದು. ಹ್ಯಾಂಡಲ್ ಹಿಡಿದಂತೆ ಮುಂದಕ್ಕೆ ಬಾಗಿ ತೋಳು ಚಾಚಬೇಕು. ಆಗ ಬೆನ್ನಿನ ಕೆಳಭಾಗ ಬಯಲಾಗಬಾರದು. ತೋಳಿನ ತುದಿ ಮಣಿಕಟ್ಟನ್ನು ಬಿಟ್ಟು ಮೇಲಕ್ಕೆ ಸರಿಯಬಾರದು. ಒಳಗೆ ತಿರುವಿ ಹೊಲಿಗೆಗಳನ್ನು ನೋಡಬೇಕು. ಸೂಜಿಯ ಪ್ರತಿಯೊಂದು ತೂತೂ ಮಳೆಗೆ ಒಂದು ಬಾಗಿಲಾದುದರಿಂದ, ಅವುಗಳ ಮೇಲೆ ಪಟ್ಟಿ ಅಂಟಿಸಿರಬೇಕು. ತಲೆಗವಸು ಇದ್ದರೆ, ಕತ್ತು ಹೊರಳಿಸಿ ಹಿಂದೆ ನೋಡುವಾಗ ಅದು ಕಣ್ಣಿಗೆ ಅಡ್ಡವಾಗದೆ ಜೊತೆಯಲ್ಲೇ ತಿರುಗಬೇಕು.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಡಿಸೆಂಬರ್ ೨೧ರ ಸುಮಾರಿಗೆ ಆಂಸ್ಟರ್ಡಾಮಿನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟೂಮುಕ್ಕಾಲರ ಹೊತ್ತಿಗೆ, ಮುಳುಗುವುದು ಸಂಜೆ ನಾಲ್ಕೂವರೆಗೆ. ಹೊಳೆಯುವ ಹಳದಿ ಜಾಕೆಟ್ ಹಗಲಿನಲ್ಲಿ ಎದ್ದು ಕಾಣುವುದು, ಅದು ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಕಾಣುವ ಬೆಳಕನ್ನಾಗಿ ಬಿಡುವುದರಿಂದ. ವಾಹನದ ದೀಪದಲ್ಲಿ ಆ ಕಿರಣಗಳು ಅತ್ಯಲ್ಪ. ಕತ್ತಲಲ್ಲಿ ಹಳದಿಯ ಆಟ ನಡೆಯದು. ಆಗ ಬೇಕಾದುದು, ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಪ್ರತಿಫಲಕ ಪಟ್ಟಿಗಳು.

ನೀರು ಜಾರಿಸುವ ಲೇಪಗಳಿಗೆ ಬಹುಕಾಲ ಫ್ಲೂರಿನ್ನಿನ ಸಂಯುಕ್ತಗಳನ್ನು ಬಳಸುತ್ತಿದ್ದರು. ಅವು ಮಣ್ಣುನೀರುಗಳಲ್ಲಿ ಕೊಳೆಯದೆ ಉಳಿಯುತ್ತವೆಂದು ತಿಳಿದ ಮೇಲೆ, ಅವುಗಳಲ್ಲೊಂದಾದ ಪಿ.ಎಫ್.ಒ.ಎ.ಯನ್ನು ೨೦೧೯ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಲಾಯಿತು. ಫ್ಲೂರಿನ್ನಿಲ್ಲದ ಲೇಪಗಳು ಈಗ ದೊರೆಯುತ್ತವೆ; ಅವುಗಳನ್ನು ಆಗಾಗ ನವೀಕರಿಸಬೇಕಾಗುತ್ತದೆ.

ಒಂದು ಪ್ರಯೋಗ

ವಾಚಕರು ಇದನ್ನೆಲ್ಲ ಮನೆಯಲ್ಲಿಯೇ ಪರೀಕ್ಷಿಸಬಹುದು. ಎರಡು ಲೋಟಗಳಲ್ಲಿ ಸಮವಾಗಿ ಬಿಸಿನೀರು ಹಾಕಿ, ಒಂದರ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೊಂದಕ್ಕೆ ಜಾಕೆಟ್ಟಿನ ಬಟ್ಟೆಯನ್ನೂ ಬಿಗಿದು, ಮೇಲೆ ತಣ್ಣನೆಯ ಒಣ ಲೋಟಗಳನ್ನು ಬೋರಲಿಡಿ. ಸ್ವಲ್ಪ ಹೊತ್ತಿನ ಮೇಲೆ ಯಾವ ಲೋಟ ಮಂಜಾಗಿದೆ ನೋಡಿ. ಮೇಲಿನ ಲೋಟ ಮಂಜಾದ ಬಟ್ಟೆ ಆವಿಯನ್ನು ಬಿಡುತ್ತದೆ. ಆ ಬಳಿಕ ಅದೇ ಬಟ್ಟೆಯ ಮೇಲೆ ಹನಿ ನೀರು ಚಿಮುಕಿಸಿ: ಹನಿ ಗುಂಡಾಗಿ ಉರುಳಿದರೆ ಲೇಪ ಸರಿಯಾಗಿದೆ, ಹರಡಿ ಇಂಗಿದರೆ ಅದಕ್ಕೆ ಆರೈಕೆ ಬೇಕು.

ಕೊನೆಗೆ ನಮ್ಮ ತರುಣನಿಗೆ ಒಂದು ಮಾತು. ಮನೆಯ ಬಾಗಿಲಲ್ಲೇ ಮೈ ಬೆಚ್ಚಗಿದ್ದರೆ ಬಟ್ಟೆ ಹೆಚ್ಚಾಯಿತೆಂದು ತಿಳಿಯಬೇಕು. ಹೊರಡುವಾಗ ತುಸು ಚಳಿಯೆನಿಸುವುದೇ ಸರಿಯಾದ ಅಳತೆ. ಹತ್ತು ನಿಮಿಷದಲ್ಲಿ ಒಳಗಿನ ಒಲೆ ಹೊತ್ತಿಕೊಳ್ಳುತ್ತದೆ. ಸೇತುವೆಯ ಬಳಿ ನಿಲ್ಲಬೇಕಾದಾಗ ಚೀಲದಲ್ಲಿರುವ ಒಣ ಸ್ವೆಟರನ್ನು ತೆಗೆದು ತೊಡಲಿ. ಆಗ ಅವನು ಅಂಗಡಿಯವನನ್ನು ಬಯ್ಯಬೇಕಾದ ಸಂದರ್ಭ ಬಾರದು.