ನೆಲ ಕಂಡಷ್ಟೂ ಮನೆ ದೊಡ್ಡದು

ಬೆಂಗಳೂರಿನಲ್ಲಿ ‘1000 ಚದರಡಿ’ ಎಂದು ಕೊಂಡ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಿಜಕ್ಕೂ ಓಡಾಡಲು ಸಿಗುವುದು ಸಾಮಾನ್ಯವಾಗಿ 700 ಚದರಡಿಯ ಆಸುಪಾಸು. ಉಳಿದದ್ದು ಹೊರಗೋಡೆ, ಲಿಫ್ಟು, ಮೆಟ್ಟಿಲು, ಕಾರಿಡಾರ್‌ಗಳ ಪಾಲು. 2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ಬಂದ ಮೇಲೆ ಕಾರ್ಪೆಟ್ ಏರಿಯಾ, ಅಂದರೆ ಒಳಗೆ ಬಳಸಲು ಸಿಗುವ ಜಾಗ, ಎಷ್ಟೆಂದು ಬಿಲ್ಡರ್‌ ಹೇಳಲೇಬೇಕು. ಆ ಅಳತೆಯನ್ನು ನಾವು ಹಿಗ್ಗಿಸಲಾರೆವು. ಆದರೆ ಅಷ್ಟೇ ಅಳತೆಯ ಎರಡು ಮನೆಗಳಲ್ಲಿ ಒಂದು ಉಸಿರುಕಟ್ಟಿಸುತ್ತದೆ, ಇನ್ನೊಂದು ಹಾಯೆನಿಸುತ್ತದೆ. ಬಾಗಿಲಲ್ಲಿ ನಿಂತಾಗ ಎದುರು ಗೋಡೆಯ ಬುಡದವರೆಗೆ ನೆಲ ಕಾಣುತ್ತದೆಯೇ, ಮೂಲೆಗಳಿಗೆ ಬೆಳಕು ಮುಟ್ಟಿದೆಯೇ ಎನ್ನುವುದೇ ಈ ವ್ಯತ್ಯಾಸದ ಗುಟ್ಟು. ಇನ್ನು ಹೇಳುವುದೆಲ್ಲ ಇವೆರಡಕ್ಕೆ ಸಂಬಂಧಿಸಿದ್ದೇ.

ಕೊಳ್ಳುವ ಮೊದಲು ಖಾಲಿ ಮಾಡಿ

ಒಂದು ಭಾನುವಾರ ನೆಲದ ಮೇಲೆ ಕೂತಿರುವ ಸಾಮಾನುಗಳನ್ನಷ್ಟೇ ನೋಡುತ್ತ ಬನ್ನಿ. ಅಕ್ಕಿ ಮೂಟೆ, ಹಳೇ ಪೇಪರಿನ ಕಟ್ಟು, ಬಾಗಿಲ ಬಳಿಯ ಚಪ್ಪಲಿ ರಾಶಿ, ಗೃಹಪ್ರವೇಶಕ್ಕೆ ಉಡುಗೊರೆ ಬಂದು ಇನ್ನೂ ಬಿಚ್ಚದ ಡಬ್ಬಗಳು. ದಿನಾ ಬೇಕಾದದ್ದು ಕೈಗೆಟುಕುವ ಕಪಾಟಿಗೆ, ವರ್ಷಕ್ಕೊಮ್ಮೆ ಬೇಕಾದದ್ದು ಅಟ್ಟಕ್ಕೆ, ಎರಡಕ್ಕೂ ಸೇರದ್ದು ಬೇಕಾದವರ ಮನೆಗೆ. ದಸರಾ ಗೊಂಬೆ, ಗಣೇಶನ ಮಂಟಪದಂಥವು ಅಟ್ಟದಲ್ಲಿರಲಿ; ಪ್ರತಿ ಡಬ್ಬದ ಎದುರು ಮುಖಕ್ಕೆ ಒಳಗೇನಿದೆ ಎಂದು ಬರೆದು ಅಂಟಿಸಿ. ಖಾಲಿ ಸೂಟ್‌ಕೇಸಿಗೆ ಹೆಚ್ಚುವರಿ ರಗ್ಗು, ಹೊದಿಕೆ ತುಂಬಿ. ಈ ಕೆಲಸ ಮಾಡದೆ ಬಣ್ಣ, ಕರ್ಟನ್ನಿಗೆ ಕೈಹಾಕಿದರೆ ದುಡ್ಡು ಖರ್ಚಾಗುತ್ತದೆ, ಮನೆ ಹಾಗೇ ಇರುತ್ತದೆ.

ನೆಲದ ಮೇಲೆ ಪೇಪರ್ ಹಾಸಿ

ಅಂಗಡಿಯ ದೊಡ್ಡ ಹಾಲಿನಲ್ಲಿ ಎಲ್ಲ ಸೋಫಾಗಳೂ ಪುಟ್ಟದಾಗಿಯೇ ಕಾಣುತ್ತವೆ. ಆದ್ದರಿಂದ ಕೊಳ್ಳುವ ಮುಂಚೆ ಅದರ ಉದ್ದ, ಅಗಲ ಬರೆದುಕೊಂಡು ಬನ್ನಿ. ಅಷ್ಟೇ ಅಳತೆಗೆ ಹಳೆಯ ಪೇಪರುಗಳನ್ನು ಹಾಲಿನಲ್ಲಿ ಹಾಸಿ, ಅಂಚಿಗೆ ಟೇಪ್ ಅಂಟಿಸಿ, ಎರಡು ದಿನ ಅದನ್ನು ತುಳಿಯದೆ ಓಡಾಡಿ ನೋಡಿ. ಅಡುಗೆಮನೆಗೆ ಹೋಗುವಾಗ ಮೈ ಓರೆ ಮಾಡಬೇಕಾದರೆ ಆ ಸೋಫಾ ನಿಮ್ಮ ಮನೆಯದಲ್ಲ. ನಡೆದಾಡುವ ದಾರಿ ಎರಡೂವರೆಯಿಂದ ಮೂರಡಿ ಇರಲೇಬೇಕು.

ಬೆಡ್‌ರೂಮಿನಲ್ಲಂತೂ ಲೆಕ್ಕ ಇನ್ನೂ ಬಿಗಿ. 10×10 ಅಡಿಯ ಕೋಣೆ ಎಂದಿಟ್ಟುಕೊಳ್ಳಿ. ವಾರ್ಡ್‌ರೋಬ್ ಆಳ 2 ಅಡಿ, ಕ್ವೀನ್ ಸೈಜ್ ಮಂಚದ ಅಗಲ 5 ಅಡಿ. ಉಳಿಯುವುದು 3 ಅಡಿ. ಮಂಚವನ್ನು ನಡುವೆ ಹಾಕಿದರೆ ಎರಡೂ ಕಡೆ ಒಂದೂವರೆ ಅಡಿಯಷ್ಟೇ. ವಾರ್ಡ್‌ರೋಬಿನ ಬಾಗಿಲು ತೆರೆದಾಗ ನಿಲ್ಲಲು ಜಾಗವಿಲ್ಲ. ಮಂಚವನ್ನೇ ವಾರ್ಡ್‌ರೋಬಿನ ಎದುರು ಗೋಡೆಗೆ ಒತ್ತಿದರೆ ಇಡೀ 3 ಅಡಿ ಒಂದೇ ಕಡೆ ಸಿಗುತ್ತದೆ. ಒಳಬದಿ ಮಲಗುವವರು ದಾಟಿಕೊಂಡು ಇಳಿಯಬೇಕು, ನಿಜ. ಇಬ್ಬರಿಗೂ ಇಳಿಯುವ ದಾರಿ ಬೇಕೇ ಬೇಕೆಂದರೆ ವಾರ್ಡ್‌ರೋಬಿಗೆ ಸ್ಲೈಡಿಂಗ್ ಬಾಗಿಲು ಹಾಕಿಸಿ.

ಪೀಠೋಪಕರಣ ಆರಿಸುವಾಗ ಕಾಲಿರುವುದನ್ನೇ ಆರಿಸಿ. ನೆಲದಿಂದ ಐದಾರು ಇಂಚು ಎತ್ತರದಲ್ಲಿ ನಿಂತ ಸೋಫಾದ ಅಡಿಯಲ್ಲಿ ನೆಲ ಮುಂದುವರಿದು ಕಾಣುತ್ತದೆ, ಕಸ ಗುಡಿಸುವುದೂ ಸುಲಭ. ಮಂಚಕ್ಕೆ ಮಾತ್ರ ಈ ಮಾತು ಬೇಡ. ಅದರ ಕೆಳಗಿನ ಸ್ಟೋರೇಜನ್ನು ಬಿಟ್ಟುಕೊಡುವಷ್ಟು ಉದಾರತೆ ಚಿಕ್ಕ ಮನೆಗೆ ಸಲ್ಲದು. ಎಲ್ ಆಕಾರದ ಸೋಫಾ ಮೂಲೆಯನ್ನೇ ನುಂಗುತ್ತದೆ. ಮೂರು ಸೀಟಿನದೊಂದು, ಜೊತೆಗೆ ಬಂದವರು ಮಲಗಲೂ ಆಗುವ ಒಂದು ದಿವಾನ್ ಇದ್ದರೆ ನೆಂಟರಿಷ್ಟರಿಗೆ ಸಾಕು.

ಬಣ್ಣ ಮತ್ತು ಕರ್ಟನ್

ಶೇಡ್ ಕಾರ್ಡಿನಲ್ಲಿ ಅಥವಾ ಪೇಂಟ್ ಕಂಪನಿಯ ವೆಬ್‌ಸೈಟಿನಲ್ಲಿ ಎಷ್ಟೋ ಬಣ್ಣಗಳಿಗೆ ‘ಎಲ್‌ಆರ್‌ವಿ’ ಎಂಬ ಅಂಕಿ ಕೊಟ್ಟಿರುತ್ತಾರೆ. ಬಣ್ಣವು ಬೆಳಕನ್ನು ಎಷ್ಟು ವಾಪಸು ಕೊಡುತ್ತದೆ ಎನ್ನುವುದರ ಅಳತೆ ಅದು. ಕಡುಗಪ್ಪಿಗೆ ಸೊನ್ನೆ, ಅಚ್ಚ ಬಿಳಿಗೆ ನೂರರ ಹತ್ತಿರ. ಹಾಲಿಗೆ 70 ದಾಟಿದ ಬಣ್ಣ ಒಳ್ಳೆಯದು. ಬಿಳಿಯೇ ಆಗಬೇಕೆಂದಿಲ್ಲ, ಕೆನೆಬಣ್ಣ, ತಿಳಿಬೂದಿ ಕೂಡ ಸರಿ. ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಬಳಿಯುವ ಫ್ಯಾಷನ್ ಪುಟ್ಟ ಹಾಲಿಗೆ ಹೊಂದುವುದು ಅಪರೂಪ. ವಾರ್ಡ್‌ರೋಬಿಗೂ ಅಟ್ಟದ ಬಾಗಿಲಿಗೂ ಗೋಡೆಯದೇ ಬಣ್ಣ ಕೊಟ್ಟರೆ ಅವು ಗೋಡೆಯಲ್ಲೇ ಬೆರೆತುಹೋಗುತ್ತವೆ.

ಕರ್ಟನ್ ವಿಷಯದಲ್ಲಿ ಒಂದು ಸಣ್ಣ ಬದಲಾವಣೆ ದೊಡ್ಡ ಫಲ ಕೊಡುತ್ತದೆ. ಕಿಟಕಿಯ ಮೇಲಂಚು ಸಾಮಾನ್ಯವಾಗಿ 7 ಅಡಿಗೆ ಮುಗಿಯುತ್ತದೆ, ಅಲ್ಲಿಗೇ ರಾಡ್ ಬಡಿದುಬಿಡುತ್ತಾರೆ. ಅದನ್ನು 9 ಅಡಿಗೆ ಏರಿಸಿ, ಕಿಟಕಿಯ ಎರಡೂ ಬದಿ 8 ಇಂಚು ಚಾಚಿಸಿ. ರೆಡಿಮೇಡ್ ಕರ್ಟನ್ನುಗಳು 5, 7, 9 ಅಡಿ ಉದ್ದಕ್ಕೆ ಬರುತ್ತವೆ. 9 ಅಡಿಯದನ್ನೇ ತಂದು ನೆಲದವರೆಗೆ ಇಳಿಬಿಡಿ. ಸೂರು ಎತ್ತರವಾದಂತೆ ಕಾಣುತ್ತದೆ. ಬಟ್ಟೆ ಪಕ್ಕಕ್ಕೆ ಸರಿದಾಗ ಗಾಜು ಪೂರ್ತಿ ತೆರೆದು ಬೆಳಕು ಕಡಿತವಿಲ್ಲದೆ ಒಳಬರುತ್ತದೆ. ಸೊಳ್ಳೆ ಪರದೆ ಬದಲಿಸುವ ಹೊತ್ತು ಬಂದಿದ್ದರೆ ಬಿಳಿಯ ಬದಲು ಕಪ್ಪು ಮೆಶ್ ಕೇಳಿ. ಅದರ ಮೂಲಕ ಹೊರಗಿನ ಮರ, ಆಕಾಶ ಹೆಚ್ಚು ಸ್ಪಷ್ಟ.

ರಾತ್ರಿಯ ಬೆಳಕು

ನಮ್ಮ ಹೆಚ್ಚಿನ ಮನೆಗಳಲ್ಲಿ ಒಂದೇ ಗೋಡೆಯ ಮೇಲೆ ಒಂದೇ ಬೆಳ್ಳನೆಯ ಟ್ಯೂಬ್‌ಲೈಟ್. ಮೂಲೆಗಳು ಮಬ್ಬಾಗಿ ಕೋಣೆ ಕುಗ್ಗಿದಂತಾಗುತ್ತದೆ. ಟ್ಯೂಬ್ ಇರಲಿ, ಜೊತೆಗೆ ಎದುರು ಮೂಲೆಗಳಲ್ಲಿ 3000 ಅಥವಾ 4000 ಕೆಲ್ವಿನ್‌ನ ಎರಡು ಎಲ್‌ಇಡಿ ದೀಪಗಳು ಬರಲಿ. ಬೆಳಕಿನ ಬಣ್ಣ ಸೂಚಿಸುವ ಈ ಅಂಕಿ ಬಲ್ಬಿನ ಡಬ್ಬದ ಮೇಲೆ ಇರುತ್ತದೆ. ಕನ್ನಡಿ ಹಾಕುವುದಾದರೆ ಕಿಟಕಿಗೆ ಎದುರಾಗಿ ಹಾಕಿ, ಮೊಳೆ ಹೊಡೆಯುವ ಮುಂಚೆ ಯಾರಾದರೂ ಹಿಡಿದು ನಿಂತಾಗ ಅದರಲ್ಲಿ ಏನು ಕಾಣುತ್ತದೆ ನೋಡಿ. ಚಪ್ಪಲಿ ಸ್ಟ್ಯಾಂಡ್ ಕಂಡರೆ ಜಾಗ ಬದಲಿಸಿ. ಸೂರು ಹತ್ತಡಿಗಿಂತ ಕಡಿಮೆ ಇದ್ದರೆ ಫಾಲ್ಸ್ ಸೀಲಿಂಗ್ ಬೇಡವೇ ಬೇಡ. ಕೆಲವು ಇಂಚು ಎತ್ತರ ಹೋಗಿಯೇ ಹೋಗುತ್ತದೆ.

ಬಾಡಿಗೆ ಮನೆಯಾದರೆ ಬಣ್ಣ, ಮೊಳೆಗೆ ಮಾಲೀಕರ ಒಪ್ಪಿಗೆ ಮೊದಲೇ ಪಡೆಯಿರಿ. ಸಿಗದಿದ್ದರೆ ಖಾಲಿ ಮಾಡುವುದು, ಮಂಚ ಸರಿಸುವುದು, ದೀಪ ಇಡುವುದು, ಇವಿಷ್ಟನ್ನೇ ಮಾಡಿ. ಮನೆ ಬಿಡುವಾಗ ಎಲ್ಲವೂ ನಿಮ್ಮೊಂದಿಗೆ ಬರುತ್ತವೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಬದಲು ಸೂರಿಗೆ ತೂಗುವ, ಹಗ್ಗ ಎಳೆದರೆ ಮೇಲೇರುವ ಹ್ಯಾಂಗರ್ ಹಾಕಿಸಲು ಮಾಲೀಕರು ಒಪ್ಪಿದರಂತೂ ಸರಿ, ಅಲ್ಲಿ ಎರಡು ಕುರ್ಚಿಗೆ ಜಾಗವಾಗುತ್ತದೆ.