ಬಿಚ್ಚುವ ಕೂಲಿಯ ಲೆಕ್ಕ

ಬಂಟ್ವಾಳದ ಬಿ.ಸಿ.ರೋಡಿನಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 73 ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿಯಲ್ಲಿ ಘಟ್ಟ ಹತ್ತತೊಡಗುತ್ತದೆ. ಗುರುವಾಯನಕೆರೆಯಲ್ಲಿ ಎಡಕ್ಕೆ ಹೊರಳಿದರೆ ವೇಣೂರಿನ ಮೇಲಾಗಿ ಮೂಡುಬಿದಿರೆ. ಅಲ್ಲಿಂದ ಸಿದ್ಧಕಟ್ಟೆಯ ದಾರಿ ಹಿಡಿದರೆ ಮತ್ತೆ ಬಂಟ್ವಾಳ. ಈ ಊರುಗಳ ನಡುವೆ ಸಮತಟ್ಟಾದ ರಸ್ತೆ ಕಡಿಮೆ. ಹೆದ್ದಾರಿ ಬಿಟ್ಟು ಮನೆ ಸೇರುವ ದಾರಿಗಳಂತೂ ತೋಟದ ತಗ್ಗಿಗೆ ಇಳಿದು, ಮೊದಲ ಗೇರಿನಲ್ಲೇ ಗುಡ್ಡ ಹತ್ತುವಂಥವು. ಮಳೆಗಾಲ ಪೂರ್ತಿ ಅವುಗಳ ಮೇಲೆ ಕೆಂಪು ಕೆಸರು. ಬೆಂಗಳೂರಿನ ಕಾರೂ ಇಲ್ಲಿನ ಅದೇ ಮಾದರಿಯ ಕಾರೂ ಅಷ್ಟೇ ಕಿಲೋಮೀಟರ್ ಓಡಿದ್ದರೂ ಸವೆಯುವ ಭಾಗಗಳು ಬೇರೆ.

ಮೂಡುಬಿದಿರೆ ಕಡೆಯವನಾದ ಈ ಅಂಕಣಕಾರನಿಗೆ ಗ್ಯಾರೇಜಿನ ಬಿಲ್ಲುಗಳನ್ನು ಕೂಡಿಡುವ ಅಭ್ಯಾಸವಿದೆ. ಒಮ್ಮೆ ಅವನ್ನೆಲ್ಲ ಹರಡಿಕೊಂಡು ಬಿಡಿಭಾಗದ ಬೆಲೆ ಒಂದು ಕಡೆ, ಕೂಲಿ ಇನ್ನೊಂದು ಕಡೆ ಬರೆದು ನೋಡಿದ. ದೊಡ್ಡ ಬಿಲ್ಲುಗಳಲ್ಲಿ ಹೆಚ್ಚಿನವು ಇಂಜಿನ್‌ನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಕ್ಲಚ್, ಗೇರ್‌ಬಾಕ್ಸ್, ಆಕ್ಸಲ್‌ಗಳಿಗೆ ಸೇರಿದ್ದವು. ಅವುಗಳಲ್ಲೂ ಹಾಕಿದ ಸಾಮಾನಿಗಿಂತ ಬಿಚ್ಚಿ ಜೋಡಿಸಿದ ಕೂಲಿಯೇ ಕಣ್ಣಿಗೆ ಹೊಡೆಯಿತು. ಅಂದಿನಿಂದ ಯಾವ ಸಾಮಾನು ಹಾಕಿಸುವಾಗಲೂ ಅವನು ಮೊದಲು ಕೇಳುವುದು, ಇದನ್ನು ತಲುಪಲು ಏನೇನು ಬಿಚ್ಚಬೇಕು ಎಂದು.

ಕ್ಲಚ್ಚನ್ನೇ ನೋಡಿ. ಏರಿನಲ್ಲಿ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್ಚಿನಲ್ಲೇ ಕಾರನ್ನು ನಿಲ್ಲಿಸಿಕೊಂಡರೆ ಪ್ಲೇಟ್ ಜಾರುತ್ತ ಕಾಯುತ್ತದೆ, ಸುಟ್ಟ ವಾಸನೆ ಒಳಗೆ ಬರುತ್ತದೆ. ಪ್ಲೇಟ್ ಸವೆದ ಕಾರಿನಲ್ಲಿ ಇಂಜಿನ್ ಕೂಗುತ್ತದೆ, ವೇಗ ಮಾತ್ರ ಏರುವುದಿಲ್ಲ. ಡೀಸೆಲ್ ಖರ್ಚೂ ಹೆಚ್ಚು. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿಗೆ ಬಂದ, ತಾನಾಗಿ ಗೇರ್ ಬದಲಿಸುವ ಎಎಂಟಿ ಕಾರುಗಳಲ್ಲಿ ಕ್ಲಚ್ ಪೆಡಲ್ ಇಲ್ಲ, ಆದರೆ ಒಳಗಿರುವುದು ಅಂಥದೇ ಪ್ಲೇಟ್. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲಿಸಿಕೊಂಡರೆ ಅದೂ ಸುಡುತ್ತದೆ. ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಕೆಳಗಿಳಿಸಲೇಬೇಕು. ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎರಡೂ ಅದೇ ಜಾಗದಲ್ಲಿವೆ. ಹಳೆಯ ಬೇರಿಂಗನ್ನೇ ಉಳಿಸಿದರೆ ಅವತ್ತು ಸ್ವಲ್ಪ ಹಣ ಉಳಿದೀತು. ಅದು ಕಿರುಗುಟ್ಟಿದ ದಿನ ಗೇರ್‌ಬಾಕ್ಸ್ ಇನ್ನೊಮ್ಮೆ ಕೆಳಗೆ, ಕೂಲಿಯೂ ಇನ್ನೊಮ್ಮೆ. ಆದ್ದರಿಂದ ಈ ಊರುಗಳ ಅನುಭವಿ ಮೆಕ್ಯಾನಿಕ್‌ಗಳು ಸೆಟ್ಟೇ ಹಾಕಿ ಎನ್ನುತ್ತಾರೆ, ಅದು ಸರಿಯಾದ ಸಲಹೆ.

ಯಾವ ಸೆಟ್ಟು? ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಡಬ್ಬಿಗಳು ಸಿಗುತ್ತವೆ: ಕಾರು ಕಂಪನಿಯ ಹೆಸರಿನದು, ಆ ಕಂಪನಿಗೆ ಸಾಮಾನು ಪೂರೈಸುವವರ ಹೆಸರಿನದು, ಮತ್ತೆ ಲೋಕಲ್. ಕಾರು ಕಂಪನಿಗಳು ಕ್ಲಚ್ಚನ್ನು ಬಹುಮಟ್ಟಿಗೆ ಹೊರಗಿನಿಂದ ಕೊಳ್ಳುತ್ತವೆ. ವ್ಯಾಲಿಯೊ, ಲುಕ್, ಎಕ್ಸೆಡಿ ಆ ವ್ಯಾಪಾರದ ಪರಿಚಿತ ಹೆಸರುಗಳು. ಬೆಂಗಳೂರಿನವರಿಗೆ ಮೈಕೋ ಎಂದೇ ಗೊತ್ತಿದ್ದು 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ ಡೀಸೆಲ್ ಪಂಪುಗಳನ್ನು ಪೂರೈಸಿದ್ದೂ ಹೀಗೆಯೇ. ತಯಾರಕರು ಒಬ್ಬರೇ ಆಗಿದ್ದು, ಭಾಗದ ಸಂಖ್ಯೆ ಕಾರಿಗೆ ತಾಳೆಯಾದರೆ ಎರಡನೆಯ ಡಬ್ಬಿ ಹಣ ಉಳಿಸುವ ಒಳ್ಳೆಯ ದಾರಿ. ವೈಪರ್, ಕನ್ನಡಿ, ಮಡ್‌ಫ್ಲ್ಯಾಪ್‌ನಂಥ ಹೊರಗಿನ ಸಾಮಾನಿಗೆ ಲೋಕಲ್ ಸಾಕು. ಗೇರ್‌ಬಾಕ್ಸ್ ಇಳಿಸಿ ಹಾಕಬೇಕಾದ ಯಾವುದಕ್ಕೂ ಲೋಕಲ್ ಬೇಡ ಎಂಬುದು ಅಂಕಣಕಾರನ ಖಚಿತ ಅಭಿಪ್ರಾಯ.

ಊರಿನ ಗ್ಯಾರೇಜಿಗೆ ಹೋದರೆ ವಾರಂಟಿ ಹೋಗುತ್ತದೆ ಎಂಬ ಹೆದರಿಕೆ ಬಹಳ ಮಂದಿಗಿದೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ರಿಪೇರಿಯ ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆರೋಪ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಪೂರ್ತಿ ರದ್ದು ಮಾಡುವ ಷರತ್ತು ಕೂಡದು ಎಂದೂ ಆ ಆದೇಶ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದದ್ದು ಬೇರೆ ಮಾತು. ಗ್ರಾಹಕರು ಈ ಆದೇಶವನ್ನು ತಿಳಿದಿರಬೇಕು.

ಮುಂದಿನ ಚಕ್ರ ಎಳೆಯುವ ಕಾರುಗಳಿಗೆ ಈ ಸೀಮೆಯಲ್ಲಿ ದೊಡ್ಡ ಶತ್ರು ಕೆಸರು. ಡ್ರೈವ್ ಶಾಫ್ಟಿನ ತುದಿಯ ಜಾಯಿಂಟಿಗೆ ರಬ್ಬರಿನ ಬೂಟ್ ಇರುತ್ತದೆ, ಅದರೊಳಗೆ ಗ್ರೀಸ್. ಬೂಟ್ ಹರಿದರೆ ಗ್ರೀಸ್ ಹೊರಗೆ ಚೆಲ್ಲಿ, ಮಣ್ಣುನೀರು ಒಳಗೆ ಸೇರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಿಕ್ ಟಿಕ್ ಸದ್ದು ಕೇಳಿದರೆ ಜಾಯಿಂಟ್ ಆಗಲೇ ಸವೆದಿದೆ. ಒಂದು ಮೇ ತಿಂಗಳಲ್ಲಿ ಅಂಕಣಕಾರನ ಕಾರನ್ನು ಮೇಲೆತ್ತಿ ನೋಡಿದ ಮೆಕ್ಯಾನಿಕ್, “ಬೂಟ್ ಬಿರುಕು ಬಿಟ್ಟಿದೆ ಮಾರಾಯ್ರೇ. ಈಗಾದ್ರೆ ಬೂಟ್ ಮಾತ್ರ. ಮಳೆ ಹಿಡಿದ ಮೇಲೆ ಬಂದ್ರೆ ಜಾಯಿಂಟೇ ಹಾಕ್ಬೇಕಾದೀತು” ಎಂದರು. ಬೂಟಿನದು ನೂರುಗಳ ಲೆಕ್ಕ, ಜಾಯಿಂಟಿನದು ಸಾವಿರಗಳದ್ದು. ಅಂದೇ ಹಾಕಿಸಿದ್ದರಿಂದ ಆ ಜಾಯಿಂಟ್ ಇಂದಿಗೂ ಓಡುತ್ತಿದೆ.

ಹಿಂದಿನ ಚಕ್ರ ನೂಕುವ ಓಮ್ನಿ, ಈಕೋ, ಬೊಲೆರೊಗಳನ್ನು ಇಲ್ಲಿಯವರು ಬಿಡದಿರುವುದಕ್ಕೆ ಕಾರಣವಿದೆ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ. ಆಗ ಮುಂದಿನ ಚಕ್ರ ಎಳೆಯುವ ಕಾರು ಕೆಸರಿನಲ್ಲಿ ಬರೀ ಸುತ್ತುತ್ತದೆ, ಹಿಂದಿನ ಚಕ್ರ ನೂಕುವ ಗಾಡಿ ನೆಲ ಕಚ್ಚಿ ಹತ್ತುತ್ತದೆ. ಬೆಳ್ತಂಗಡಿ ತಾಲೂಕಿನ ಎಳನೀರು ಕಡೆಯ ಕಚ್ಚಾ ದಾರಿಯಲ್ಲಿ ನಾಲ್ಕೂ ಚಕ್ರ ತಿರುಗುವ ಜೀಪಿಗೇ ಬೆಲೆ. ಇವುಗಳ ಖರ್ಚೂ ಬೇರೆ: ಪ್ರೊಪೆಲ್ಲರ್ ಶಾಫ್ಟ್, ಅದರ ಕ್ರಾಸ್, ಹಿಂದಿನ ಡಿಫರೆನ್ಷಿಯಲ್. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಹಾಕುವ ಜಿಎಲ್-5 ಎಣ್ಣೆಯನ್ನು, ಜಿಎಲ್-4 ಕೇಳುವ ಗೇರ್‌ಬಾಕ್ಸಿಗೂ ಸುರಿದರೆ ಒಳಗಿನ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಪೆಟ್ಟು ಬೀಳಬಹುದು. ಡಬ್ಬಿಯ ಮೇಲಿನ ಆ ಒಂದು ಅಂಕೆಯನ್ನು ನೋಡಿಯೇ ಹಾಕಿಸಬೇಕು.

ಸೆಕೆಂಡ್ ಹ್ಯಾಂಡ್ ಇನ್ನೋವಾ ನೋಡುವವರಿಗೆ ಒಂದು ಮಾತು. 2016ರಲ್ಲಿ ಕ್ರಿಸ್ಟಾ ಬರುವ ಮೊದಲಿನ ಡೀಸೆಲ್ ಇನ್ನೋವಾಗಳಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇದೆ, ಕ್ರಿಸ್ಟಾದಲ್ಲಿ ಚೈನ್. ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಕಾರಿನ ಬೆಲೆಯಲ್ಲೇ ಕಳೆದು ಮಾತಾಡಿ.

ತೆರಿಗೆಯೂ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ 18. ಮೊದಲು ಶೇ 28 ಇದ್ದ ಸಾಮಾನಿನ ಮೂಲ ಬೆಲೆ 10,000 ಎಂದಾದರೆ, 12,800 ಆಗುತ್ತಿದ್ದ ಬಿಲ್ ಈಗ 11,800 ಆಗಬೇಕು. ಹಳೆಯ ದರಪಟ್ಟಿ ಹಿಡಿದು ಎಸ್ಟಿಮೇಟ್ ಕೊಟ್ಟರೆ ಕೇಳಿ ಸರಿಪಡಿಸಿಕೊಳ್ಳಿ.

ವಿಮೆ ಸವೆತಕ್ಕೆ ಹಣ ಕೊಡುವುದಿಲ್ಲ. ಅಪಘಾತದಲ್ಲಿ ಬದಲಿಸಿದ ಭಾಗಗಳಿಗೂ ಸಾಮಾನ್ಯ ಪಾಲಿಸಿಯಲ್ಲಿ ಸವಕಳಿ ಕಡಿತವಿದೆ: ಐದು ವರ್ಷ ದಾಟಿ ಹತ್ತರೊಳಗಿನ ಕಾರಿನ ಲೋಹದ ಭಾಗಕ್ಕೆ ಶೇ 40, ರಬ್ಬರ್ ಮತ್ತು ಪ್ಲಾಸ್ಟಿಕ್‌ಗೆ ಕಾರು ಹೊಸದಿದ್ದರೂ ಶೇ 50. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು, ನೇತ್ರಾವತಿ ಉಕ್ಕಿದಂಥ ದಿನಗಳಲ್ಲಿ ಇನ್ನೊಂದು ವಿಷಯ ಮುಖ್ಯವಾಗುತ್ತದೆ. ನೆರೆಯ ಹಾನಿ ಸಮಗ್ರ ಪಾಲಿಸಿಯಲ್ಲಿ ಸೇರಿದೆ. ಆದರೆ ನೀರು ನುಗ್ಗಿದ ಇಂಜಿನನ್ನು ಸ್ಟಾರ್ಟ್ ಮಾಡಿ ಹಾಳಾದರೆ ಅದು ವಿಮೆಯ ಭಾಷೆಯಲ್ಲಿ ನಂತರದ ನಷ್ಟ. ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿರದಿದ್ದರೆ ಹಣ ಬರುವುದು ಕಷ್ಟ. ಬಿಸಿ ಗೇರ್‌ಬಾಕ್ಸ್ ನೀರಿನಲ್ಲಿ ಒಮ್ಮೆಲೇ ತಣ್ಣಗಾದಾಗ ಉಸಿರುನಳಿಗೆಯಿಂದ ನೀರೆಳೆದುಕೊಳ್ಳುತ್ತದೆ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಮುಳುಗಿದ ಕಾರಿನ ಕೀ ತಿರುಗಿಸದೆ, ನೀರು ಎಲ್ಲಿವರೆಗೆ ಬಂದಿತ್ತೆಂದು ಫೋಟೊ ತೆಗೆದು, ವಿಮಾ ಕಂಪನಿಗೆ ಫೋನ್ ಮಾಡಿ, ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು. ಅಲ್ಲಿ ಇಂಜಿನ್ ಆಯಿಲ್ ಜೊತೆಗೆ ಗೇರ್ ಆಯಿಲನ್ನೂ ಇಳಿಸಿ ನೋಡಲು ಹೇಳಬೇಕು.